ಅಳತೆ ಟೇಪಿನ ಇಂಗ್ಲಿಷ್

“ಮಗು ಒಬ್ಬಳೇ ಕೂತು ಉತ್ತರಿಸಬೇಕು” ಎಂಬ ಒಂದು ಸಾಲು ಮೊಬೈಲಿಗೆ ಬಾರದೇ ಹೋಗಿದ್ದರೆ ದರ್ಜಿಗೆ ಆ ದಿನ ಯಾವ ಫಜೀತಿಯೂ ಇರುತ್ತಿರಲಿಲ್ಲ.

ಆನ್‌ಲೈನ್ ಇಂಗ್ಲಿಷ್ ತರಗತಿಯಲ್ಲಿ ಉಳಿದಿದ್ದುದು ಒಂದೇ ಜಾಗ. ಏಳು ವರ್ಷದ ಮಗಳು ಅದಕ್ಕೆ ತಯಾರಾಗಿದ್ದಾಳೋ ಇಲ್ಲವೋ ಎಂದು ಟೀಚರು ನಾಲ್ಕು ಗಂಟೆಗೆ ವಿಡಿಯೋದಲ್ಲಿ ನೋಡುವವರಿದ್ದರು. ಇಂಗ್ಲಿಷ್ ಮಾತಾಡುವ ಗಿರಾಕಿಗಳ ಮುಂದೆ ಪೆಚ್ಚಾಗಿ ನಕ್ಕು ನಕ್ಕು ದರ್ಜಿಯ ದವಡೆ ಸವೆದಿತ್ತು. ಮಗಳಿಗೆ ಆ ಗತಿ ಬರಬಾರದು.

ಅವನು ಉಪಾಯ ಹೂಡಿದ. ಅಳತೆ ಟೇಪಿನ ಒಂದು ತುದಿ ಮಗಳ ಮಣಿಕಟ್ಟಿಗೆ, ಇನ್ನೊಂದು ತುದಿ ಬಾಗಿಲ ಪರದೆಯ ಹಿಂದೆ ಅವನ ಕೈಗೆ. ಒಂದು ಸಲ ಎಳೆದರೆ ‘ಯೆಸ್’, ಎರಡು ಸಲ ಎಳೆದರೆ ‘ನೋ’. ಪ್ರಶ್ನೆಯ ಅರ್ಥ ಬಿಡಿಸಲು ಪಕ್ಕದ ಮನೆಯ ನಿವೃತ್ತ ಗುಮಾಸ್ತರು ಬಂದು ಅವನ ಪಕ್ಕ ಕೂತರು.

“ಅಪ್ಪಾ, ನಾನೇ...”

“ಸುಮ್ನಿರು ಪುಟ್ಟಿ. ಟೇಪು ಎಳೆದಾಗ ಮಾತ್ರ ಬಾಯಿ ಬಿಡು.”

ಪೆನ್ಸಿಲ್ ಇದೆಯಾ ಎಂದು ಟೀಚರು ಇಂಗ್ಲಿಷಿನಲ್ಲಿ ಕೇಳಿದರು. ಗುಮಾಸ್ತರು ಕಣ್ಣು ಮುಚ್ಚಿದರು.

“ಸಾರ್, ಬೇಗ!”

“ಅವಸರ ಮಾಡ್ಬೇಡಯ್ಯಾ. ಮೂವತ್ತು ವರ್ಷದಲ್ಲಿ ನಾನು ಯಾವ ಕಾಗದಕ್ಕೂ ಅದೇ ದಿನ ಉತ್ತರ ಕೊಟ್ಟವನಲ್ಲ... ಹ್ಞಾಂ, ಪೆನ್ಸಿಲ್! ಒಂದು ಎಳಿ!”

ಅಷ್ಟರಲ್ಲಿ ಟೀಚರು ನಗುತ್ತ, ನೀನು ಹುಡುಗನಾ ಎಂದು ಕೇಳಿಯಾಗಿತ್ತು.

“ಯೆಸ್” ಎಂದಳು ಮಗಳು, ಅಳುಮೋರೆ ಮಾಡಿಕೊಂಡು.

ಆದರೆ ಮುಂದಿನದೆಲ್ಲ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ನಡೆಯಿತು. ಬೆಕ್ಕು ಹಾರುತ್ತದೆಯೇ? “ನೋ.” ಹುಲ್ಲು ಹಸಿರೇ? “ಯೆಸ್.” ಗುಮಾಸ್ತರು ತಮ್ಮ ಬೆನ್ನು ತಾವೇ ತಟ್ಟಿಕೊಂಡರು.

ಕೊನೆಗೆ ಟೀಚರು, ನಿನಗೆ ಯಾರಾದರೂ ಉತ್ತರ ಹೇಳಿಕೊಡುತ್ತಿದ್ದಾರಾ ಎಂದರು. ಜೀವಮಾನದಲ್ಲಿ ಮೊದಲ ಸಲ ಗುಮಾಸ್ತರು ತಕ್ಷಣ ಜವಾಬು ಕೊಟ್ಟರು: “ನೋ! ನೋ! ಎರಡು ಎಳಿ!”

ದರ್ಜಿ ಬಾವಿಯಿಂದ ಕೊಡ ಜಗ್ಗುವಂತೆ ಜಗ್ಗಿದ. ಎಲ್ಲೋ ದಡಾರನೆ ಸದ್ದಾಯಿತು.

“ಯೆಸ್” ಎಂದಳು ಮಗಳು.

ಟೀಚರು ಅಪ್ಪನನ್ನು ಕರೆಸಿ ಮೆಲ್ಲಗೆ ಹೇಳಿದರು: “ಇಂಗ್ಲಿಷ್ ಬರ್ಲೇಬೇಕು ಅಂತೇನಿಲ್ಲ ಸಾರ್. ಮಗು ತಾನಾಗೇ ಕೂತು ಕಲಿಯುತ್ತಾ ಅಂತಷ್ಟೇ ನೋಡೋದು. ಪಕ್ಕದಲ್ಲಿ ಹೇಳಿಕೊಡೋರು ಬೇಕು ಅಂದ್ಮೇಲೆ... ಮುಂದಿನ ವರ್ಷ ನೋಡೋಣ.”

ಮೊಬೈಲಿನ ಪರದೆ ಕಪ್ಪಾಯಿತು.

“ಯಾಕೆ ಪುಟ್ಟಿ ಯೆಸ್ ಅಂದೆ? ಎರಡು ಸಲ ಎಳೆದ್ನಲ್ಲ!”

ಮಗಳು ಕೈ ಚಾಚಿದಳು. ಮಣಿಕಟ್ಟು ಖಾಲಿ. ಟೇಪಿನ ತುದಿ, ಪಕ್ಕದಲ್ಲಿ ಉರುಳಿಬಿದ್ದ ಸ್ಟೂಲಿನ ಕಾಲಿಗೆ ಅಚ್ಚುಕಟ್ಟಾಗಿ ಗಂಟು ಬಿದ್ದಿತ್ತು.

“ನನ್ನನ್ನ ಹುಡುಗ ಮಾಡಿದ್ಯಲ್ಲ, ಆಗ್ಲೇ ಬಿಚ್ಚಿದೆ.”

“ಮತ್ತೆ ಆ ಬೆಕ್ಕು, ಹುಲ್ಲು...?”

“ನನಗೇ ಗೊತ್ತಿತ್ತಪ್ಪ. ಕೊನೇದೂ ಗೊತ್ತಿತ್ತು. ಮಿಸ್ ಕೇಳಿದ್ದು ನಿಜಾನೇ ಅಲ್ವಾ?”

ಗುಮಾಸ್ತರು ಚಪ್ಪಲಿ ಹುಡುಕುತ್ತ, “ಆ ಸ್ಟೂಲನ್ನಾದ್ರೂ ಸೇರಿಸ್ಕೋತಾರಾ ಕೇಳಯ್ಯಾ. ನೀನು ಹೇಳಿದ ಹಾಗೆ ಕೇಳಿದ್ದು ಅದೊಂದೇ” ಎಂದರು.

ದರ್ಜಿಗೆ ನಗು ಬರಲಿಲ್ಲ. ಕುಕ್ಕರುಗಾಲಲ್ಲಿ ಕೂತು ಗಂಟು ಬಿಚ್ಚತೊಡಗಿದ. ಬೀದಿಯವರೆಲ್ಲರ ಎದೆ, ಸೊಂಟ, ತೋಳು ಅವನಿಗೆ ಬಾಯಿಪಾಠ. ಮಗಳ ಅಳತೆಯೊಂದನ್ನು ಮಾತ್ರ ಅವನು ಕಣ್ಣಂದಾಜಿನಲ್ಲೇ ಬರೆದುಕೊಂಡಿದ್ದ.