ಬಾವಿಗೆ ಹಾರಿದ ಹಯಗ್ರೀವ

ಬಾಯಿ ಬಿಟ್ಟರೆ ಬಣ್ಣಗೇಡು ಅಂತ ಹಿರಿಯರು ಸುಮ್ಮನೆ ಅಂದಿಲ್ಲ. ಮಿರಜದ ಹಯಗ್ರೀವ ಚಿಕ್ಕಂದಿನಲ್ಲಿ ಒಂದು ಟೀವಿ ಧಾರಾವಾಹಿಯಲ್ಲಿ ನಟಿಸಿದ್ದ. ಬ್ರಿಟಿಷರ ಕಾಲದ ಹಳ್ಳಿ ಹುಡುಗರ ಸಾಹಸದ ಕತೆ. ಅದರಲ್ಲಿ ಪೊಲೀಸರಿಂದ ತಪ್ಪಿಸಿಕೊಳ್ಳಲು ತಾನು ಕವಲಾಪುರದ ಬಾವಿಗೆ ಹಾರಿದ್ದನ್ನು ವರ್ಷಾನುಗಟ್ಟಲೆ ಓಣಿಗೆಲ್ಲ ಸಾರಿದ್ದ. ಹಾರಿದ್ದು ಮಾತ್ರ ಶುದ್ಧ ಸುಳ್ಳು. ಬಾವಿ ಕಂಡೊಡನೆ ಅವನು ಗೊಳೋ ಎಂದು ಅತ್ತಿದ್ದ. ಅವನ ಅಂಗಿ ತೊಟ್ಟು ಹಾರಿದವನು ಆ ಊರಿನ ಬೇರೊಬ್ಬ ಹುಡುಗ.

ಒಂದು ಬೆಳಿಗ್ಗೆ ಅದೇ ಓಣಿಯಲ್ಲಿ ಸಿತಾರ ಮಾಡುವ ದಾದಾಸಾಬ ಓಡಿ ಬಂದ. "ಕಾಕಾ! ನಿಮ್ಮ ಸಿರಿಯಲ್ಲು ಇವತ್ತ ಸಂಜಿಕ ಮತ್ತ ಹಾಕ್ತಾರಂತ್ರಿ! ಅದ ಬಾವಿ ಭಾಗ! ನಾಳಿನ ಈಜಿನ ಪಂದ್ಯದ ಗಡಿಬಿಡಿ ಐತಿ, ಆದ್ರೂ ಓಣಿ ಮಂದೀನೆಲ್ಲಾ ಕರಕೊಂಡ ಬರ್ತೀನಿ!"

ಹಯಗ್ರೀವ ಯೋಚನೆಗೆ ಬಿದ್ದ. ಆ ಅಳುಮುಸುಡಿ ಎಲ್ಲರೂ ನೋಡಿದರೆ ಓಣಿಯಲ್ಲಿ ತಲೆ ಎತ್ತಿ ತಿರುಗುವುದು ಹೇಗೆ?

ಸಂಜೆ ಮನೆ ತುಂಬಿದೊಡನೆ ಫ್ಯೂಜು ಕಿತ್ತು ಕಿಸೆಗಿಳಿಸಿದ. "ಅಯ್ಯಯ್ಯ, ಲೈಟ್ ಹೋತು! ನಡೀರಿ, ನಡೀರಿ!"

"ಹೋಗೂದೆಲ್ಲಿಗ್ರಿ?" ದಾದಾಸಾಬ ತನ್ನ ಕಾರಖಾನೆಯಿಂದ ವಾಯರು ಎಳೆದೇ ಬಿಟ್ಟ. ಟೀವಿ ಹತ್ತಿತು.

ಹಯಗ್ರೀವ ಟೀವಿಗೆ ಅಡ್ಡ ನಿಂತ. ಹೆಂಡತಿ ತುಳಸಾಬಾಯಿ ತೋಳು ಹಿಡಿದು ಎಳೆದಳು. "ಸರೀರಿ ಅತ್ಲಾಗ! ಮದುವಿಯಾದಾಗಿಂದ ಕೇಳೇನಿ, ಇವತ್ತರ ಕಣ್ಣಾರೆ ನೋಡ್ತೀನಿ!"

ಬಾವಿಯ ದಂಡೆ, ಪುಟ್ಟ ಹಯಗ್ರೀವ, ಧಾರಾಕಾರ ಕಣ್ಣೀರು. ಹಯಗ್ರೀವ ಕಣ್ಣು ಮುಚ್ಚಿಕೊಂಡ.

"ಪಾಪ, ದೇಶದ ಸಲುವಾಗಿ ಅಳಾಕತ್ತೈತಿ ಕೂಸು!" ಎಂದಳು ಪಕ್ಕದ ಮನೆಯ ಮುದುಕಿ ಹೌಸಾಬಾಯಿ. ಮರುಕ್ಷಣ ಅದೇ ಅಂಗಿಯ ಬೆನ್ನು ಗಾಳಿಗೆ ಹಾರಿತು. ಧುಡುಮ್! ಇಡೀ ಮನೆ ಸಿಳ್ಳೆ ಹೊಡೆಯಿತು.

ಅರೆ, ಯಾರಿಗೂ ಗೊತ್ತೇ ಆಗಲಿಲ್ಲ! ಹಯಗ್ರೀವ ಎದೆ ಸೆಟೆಸಿದ. "ನಾ ಹೇಳಿರಲಿಲ್ಲೇನು? ಈಗಂದ್ರ ಈಗೂ ಹಾರ್ತೀನಿ!"

"ಭಲೇ ಕಾಕಾ!" ದಾದಾಸಾಬ ಜಿಗಿದೆದ್ದ. "ನಾಳೆ ಸಾಂಗ್ಲ್ಯಾಗ ಕೃಷ್ಣಾ ಹೊಳ್ಯಾಗ ನಮ್ಮ ಮಂಡಳದ ಪಂದ್ಯ. ಉದ್ಘಾಟನಾ ನಿಮ್ಮದ! ಎಲ್ಲಾರ್ಕಿಂತ ಮೊದಲ ನೀವ ಹಾರೂದು!"

ಹಯಗ್ರೀವ ಎರಡೂ ಕೈ ಮುಗಿದ. "ಏ, ಅವತ್ತ ಹಾರಿದಾಂವ ನಾ ಅಲ್ಲೋ! ನನಗ ಈಜಾಕ ಬರೂದಿಲ್ಲ, ದೇವ್ರಾಣಿ!"

"ದೊಡ್ಡ ಮಂದೀದು ಹಿಂಗ ನೋಡ್ರಿ, ಹೊಗಳಿದ್ರ ನಾಚತಾರ!" ತುಳಸಾಬಾಯಿ ಹೆಮ್ಮೆಯಿಂದ ಅಂದಳು. "ಸುಳ್ಳ್ಯಾಕ ಹೇಳ್ತೀರಿ? ನಾವೆಲ್ಲಾ ಈಗಷ್ಟ ಕಣ್ಣಾರೆ ನೋಡೇವಿ."

ಆಯುಷ್ಯದಲ್ಲಿ ಮೊದಲ ಸಲ ನಿಜ ಹೇಳಿದರೂ ಕೇಳುವವರಿಲ್ಲ. ಹಯಗ್ರೀವನ ಕಣ್ಣಿಂದ ದಳದಳ ನೀರಿಳಿಯಿತು.

ಹೌಸಾಬಾಯಿ ಚಪ್ಪಾಳೆ ತಟ್ಟಿದಳು. "ನಾಳೆ ಪಕ್ಕಾ ಹಾರ್ತಾನ ನೋಡ್ರಿ! ಹಾರೂ ಮುಂದ ಅವತ್ತೂ ಹಿಂಗ ಅತ್ತಿದ್ದ!"