ಬಾಷಾಸಾಬ ಹೊಲಿಗೆ ಕಲಿತದ್ದು

ಸಂಶಿಯ ಬಸ್‌ಸ್ಟ್ಯಾಂಡಿನ ಬಾಜು ಮೂವತ್ತು ವರ್ಷದಿಂದ ಹೊಲಿಗೆ ಯಂತ್ರ ತುಳಿಯುತ್ತಿದ್ದ ಬಾಷಾಸಾಬನಿಗೆ ಇಲ್ಲದ್ದು ಒಂದೇ, ಸರ್ಟಿಫಿಕೇಟು. ಯರಗುಪ್ಪಿಯಲ್ಲಿ ಸರಕಾರದ ಹೊಸ ಕೌಶಲ್ಯ ತರಬೇತಿ ಕೇಂದ್ರ ತೆರೆಯಲಿತ್ತು. ಅಲ್ಲಿ ಹೊಲಿಗೆ ಕಲಿಸುವ ನೌಕರಿಗೆ ಸರ್ಟಿಫಿಕೇಟು ಬೇಕು, ನಿರುದ್ಯೋಗಿಯೂ ಆಗಿರಬೇಕು. ತಿಂಗಳ ಪಗಾರ ಅಂದಕೂಡಲೇ ಹೆಂಡತಿ ಹಲೀಮಾಬಿಯ ಮುಖ ಅರಳಿತು. ಬಾಷಾಸಾಬ ಅಂಗಡಿಯ ಬೋರ್ಡು ಇಳಿಸಿ, ಅರ್ಜಿಯಲ್ಲಿ ‘ಯಾವ ಕೆಲಸವೂ ಇಲ್ಲ’ ಎಂದು ಬರೆದು, ಸರ್ಟಿಫಿಕೇಟಿಗಾಗಿ ಸಂಶಿಯಲ್ಲಿ ಮೊದಲೇ ಇದ್ದ ಅಂಥದ್ದೇ ಕೇಂದ್ರಕ್ಕೆ ಕಲಿಯಲು ಸೇರಿದ.

ಅಲ್ಲಿ ಕಲಿಸುವವಳು ಮಲ್ಲಿಕಾ. ಗುಂಡಿ ಹಚ್ಚುವುದನ್ನು ಅವನ ಅಂಗಡಿಯಲ್ಲೇ ಕಲಿತವಳು. ಅವಳು ಸೂಜಿಗೆ ದಾರ ಪೋಣಿಸುವುದನ್ನು ನಾಚುತ್ತ ಹೇಳಿಕೊಟ್ಟಳು, ಇವನು ತಲೆ ತಗ್ಗಿಸಿ ಪೋಣಿಸಿದ. ಹೀಗೇ ಮೂರು ತಿಂಗಳು ಕಳೆಯಿತು.

ಪರೀಕ್ಷೆಯ ದಿನ ಬೆಳಿಗ್ಗೆ ಚಹಾದಂಗಡಿಯ ಹುಚ್ಚಪ್ಪ ಕಿವಿಮಾತು ಹೇಳಿದ. “ಭಾಳ ಚಂದ ಹೊಲೀಬ್ಯಾಡೋ ಮಾರಾಯ. ಪರೀಕ್ಷಾ ಮಾಡಾಕ ಬರೋ ಸಾಹೇಬ್ರಿಗೆ ಸಂಶಯ ಬರತೈತಿ.”

ಒಂದು ಜಂಪರ ಹೊಲಿಯಬೇಕಿತ್ತು, ಅರಿವೆ ತಾವೇ ತರಬೇಕಿತ್ತು. ಬಾಷಾಸಾಬ ಸಾವಂತ್ರೆವ್ವನೆಂಬ ಗಿರಾಕಿ ಎಂದೋ ಕೊಟ್ಟು ಹೋಗಿದ್ದ ಅರಿವೆಯನ್ನೇ ಒಯ್ದ. ಪರೀಕ್ಷೆಯೂ ಆದೀತು, ಮುದುಕಿಯ ಬಾಯಿಯೂ ಮುಚ್ಚೀತು. ಡೊಂಕಾಗಿ ಹೊಲಿಯಲು ಬೆವರು ಸುರಿಸಿದ. ಕೈ ಮಾತು ಕೇಳಲಿಲ್ಲ. ಮನೆದಾರಿ ಹಿಡಿದ ಎತ್ತಿನಂತೆ ಹೊಲಿಗೆ ತಾನೇ ನೆಟ್ಟಗೆ ಸಾಗಿತು.

ಸಾಹೇಬರು ಜಂಪರ ಎತ್ತಿ ನೋಡುತ್ತಿರುವಾಗಲೇ ಸಾವಂತ್ರೆವ್ವ ಒಳಗೆ ನುಗ್ಗಿದಳು. ಹುಚ್ಚಪ್ಪನೇ ದಾರಿ ತೋರಿಸಿದ್ದ.

“ಯುಗಾದಿಗೆ ಕೊಡ್ತೀನಂದಿದ್ದಿ ಬಾಷಾ. ಕಾರಹುಣ್ಣಿಮಿ ಬಂತು. ಅಂಗಡ್ಯಾಗ ನೋಡಿದ್ರ ನೀನ ಇಲ್ಲ.”

“ಅಂಗಡಿ?” ಎಂದರು ಸಾಹೇಬರು. ಬಾಷಾಸಾಬ ಯಂತ್ರದ ಮೇಲೆ ಹಣೆ ಇಟ್ಟುಬಿಟ್ಟ. ನೌಕರಿ ಹೋಯಿತು, ಮರ್ಯಾದೆಯೂ ಹೋಯಿತು.

ಆದರೆ ಸಾಹೇಬರು ಹಿಗ್ಗಿ ಹೀರೇಕಾಯಿಯಾದರು. ಈ ವರ್ಷ ಸರಕಾರ ಅನುದಾನ ಕೊಡುವುದು ಎಷ್ಟು ಜನ ಕಲಿತರು ಎಂದು ನೋಡಿ ಅಲ್ಲ, ಕಲಿತವರಲ್ಲಿ ಎಷ್ಟು ಜನ ಕೆಲಸ ಹಿಡಿದರು ಎಂದು ನೋಡಿ. ಇಡೀ ತಾಲೂಕಿನಲ್ಲಿ ಒಬ್ಬನೂ ಹಿಡಿದಿರಲಿಲ್ಲ. ಇಲ್ಲಿ ನೋಡಿದರೆ ಮೂರು ತಿಂಗಳಲ್ಲಿ ಅಂಗಡಿ ಹಾಕಿದ ಮಹಾನುಭಾವ, ಹುಡುಕಿಕೊಂಡು ಬರುವ ಗಿರಾಕಿ. ಅಲ್ಲೇ ಸರ್ಟಿಫಿಕೇಟು ಕೊಟ್ಟು ಫೋಟೋ ತೆಗೆಸಿದರು.

“ಮತ್ತ ಯರಗುಪ್ಪಿ ನೌಕರಿ, ಸಾಹೇಬ್ರ?”

“ಅದು ನಿರುದ್ಯೋಗಿಗಳಿಗ್ರಿ. ನಿಮಗ ಉದ್ಯೋಗ ಸಿಕ್ಕೈತಲ್ಲ.”

ಮರುವಾರ ಹಳೆಯ ಬೋರ್ಡಿದ್ದ ಜಾಗದಲ್ಲಿ ಇಲಾಖೆಯವರು ಹೊಸದನ್ನು ಬಡಿದು ಹೋದರು. ಅದರಲ್ಲಿ ಅವನ ಫೋಟೋ, ಕೆಳಗೆ ‘ಶ್ರೀಮತಿ ಮಲ್ಲಿಕಾ ಅವರಲ್ಲಿ ಮೂರೇ ತಿಂಗಳಲ್ಲಿ ಹೊಲಿಗೆ ಕಲಿತ ಬಾಷಾಸಾಬ’.

ಬಸ್ಸಿಳಿದ ಹೆಂಗಸೊಬ್ಬಳು ಅದನ್ನು ಓದಿ, ತೆಗೆದಿದ್ದ ಅರಿವೆಯನ್ನು ಮತ್ತೆ ಚೀಲಕ್ಕೆ ಹಾಕಿಕೊಂಡಳು.

“ತಪ್ಪ ತಿಳೀಬ್ಯಾಡ್ರಿ. ರೇಶ್ಮಿ ಅರಿವಿ ಐತಿ, ನೀವಿನ್ನೂ ಹೊಸಬರು. ಆ ಮಲ್ಲಿಕಾ ಮೇಡಂ ಎಲ್ಲಿರ್ತಾರ ಹೇಳ್ರಿ.”