ದಾರ ಕಟ್ಟದ ಮಾತು

ನಿಪ್ಪಾಣಿಯ ನಮ್ಮ ಓಣ್ಯಾಗ ಬೀಡಿ ಕಟ್ಟೋ ಹೆಣಮಕ್ಕಳು ಕೂಡಿ ಕುಂತಲ್ಲಿ ನಗುವಂಥದ್ದು ಏನರ ಒಂದು ಆಗತಿರತೈತಿ. ನನ್ನ ಮಗಳು ತೀರಿಕೊಂಡ ಮ್ಯಾಲೂ ಅದು ನಿಂತಿಲ್ಲ. ನಾ ಹೊರಗ ಹೊಂಟಾಗ ನನ್ನ ಸೆರಗಿನ ತಂಬಾಕಿನ ಧೂಳು ಝಾಡಸಾಕಿ ಆಕಿನ. ಈಗ ಆಕಿ ಮಗಳು ನನ್ನ ಕಡೆ ಇದ್ದು ಏಳನೇ ವರ್ಗ ಓದತಾಳ, ನನಗ ಆಯಿ ಅಂತಾಳ. ಅವ್ವ ಅನ್ನೋ ಮಾತು ಮಾತ್ರ ಒಮ್ಮೆನೂ ಆಕಿ ಬಾಯಾಗ ಬಂದಿಲ್ಲ. ನನಗ ಅದ ಚಿಂತಿ.

ಮೊರದಾಗ ಅರ್ಧ ಇಡಂಗಿಲ್ಲ

ಇಂಗ್ಲಿಷ್ ಅಕ್ಕೋರು ಅರ್ಧರ್ಧ ಮಾತು ಬರಕೊಂಡು ಬಾ ಅಂದಿದ್ರಂತ. 'ಮಳಿ ಬಂದಾಗ', 'ಬಸ್ಸು ತಪ್ಪಿದ್ರ', ಇಂಥವು. ತಮ್ಮಷ್ಟಕ್ಕ ತಾವು ನಿಲ್ಲಂಗಿಲ್ಲ, ಇನ್ನೊಂದು ಮಾತಿನ ಆಸರ ಬೇಕು ಅಂತ ಹುಡುಗಿ ತಿಳಿಸಿ ಹೇಳಿದ್ಲು. ನಾನು, ಬಾಜೂಮನಿ ಆಪಾ ಬೀಡಿ ಕಟ್ಟಕೋತ ಕುಂತಿದ್ವಿ. ದಾರ ಕಟ್ಟದ ಬೀಡಿ ನಾವು ಮೊರದಾಗ ಇಡಂಗಿಲ್ಲ, ಅರ್ಧ ಮಾತು ಸಾಲಿಗೆ ಹೆಂಗ ಕಳಸೂದು? ಎಲ್ಲಾ ಪೂರ್ತಿ ಮಾಡಿಸಿದ್ವಿ. ಮಳಿ ಬಂದಾಗ ಎಲಿ ಒಳಗ ತರಬೇಕು. ಬಸ್ಸು ತಪ್ಪಿದ್ರ ಆಪಾ ಗಂಡಗ ಬೈತಾಳ.

ಮರುದಿನ ಅಕ್ಕೋರು, "ಅರ್ಧ ಕೇಳಿದ್ರ ಇಡೀ ಓಣಿ ಬರಕೊಂಡು ಬಂದೀಯಲ್ಲ" ಅಂದ್ರಂತ.

ಬಾಳಿಹಣ್ಣಿನ ಗಾಡಿ

ಆಪಾನ ಗಂಡ ಸಾಲಿ ಮುಂದ ಬಾಳಿಹಣ್ಣು ಮಾರತಾನ. ಅವತ್ತಿಂದ ಹುಡುಗ್ರು ಹಣ್ಣು ತಗೊಳ್ಳೋ ಬದಲಿ, ಕಾಕಾ, ಬಸ್ಸು ತಪ್ಪಿದ್ರ ಏನಾಗತೈತಿ ಅಂತ ಕೇಳಾಕ ಹತ್ತಿದ್ರು. ಒಂದಿನ ನಮ್ಮ ಕಟ್ಟಿಗೆ ಬಂದು ಕುಂತ. "ಅಕ್ಕಾ, ಬೈಯೋದೊಂದು ಅರ್ಧಕ್ಕ ಬಿಟ್ಟಿದ್ರ ಆಗತಿತ್ತಲ್ರಿ?"

ಆಪಾ ಅಂದ್ಲು, ಅದು ಎಂದೂ ಅರ್ಧಕ್ಕ ನಿಂತಿಲ್ಲ.

ಹಲಗಿ ಮುಂದ

ಹುಡುಗಿ ಚಷ್ಮಾ ಮರತು ಹೋಗಿದ್ಲು. ತಂಬಾಕು ಬಿಟ್ಟು ಎದ್ದಾಕಿ ಹಂಗ ಓಡಿದೆ. ವರ್ಗದ ಬಾಗಲಿಗೆ ನಿಂತ್ರ ಆಕಿ ಹಲಗಿ ಮುಂದ, ಕೈಯಾಗ ಬರಿಯೋ ಖಡು. ತಾನ ಬರದ ಅರ್ಧ ಮಾತು ಮುಗಸಾಕ ಆಗವಲ್ಲದು. ಏನು ಬರದಾಳ್ರಿ ಅಂತ ಅಕ್ಕೋರನ್ನ ಮೆಲ್ಲಕ ಕೇಳಿದೆ.

"ನಮ್ಮವ್ವ ಇದ್ದಿದ್ರ, ಅಂತ ಬರದಾಳ್ರಿ."

"ಅದೊಂದು ಹಂಗ ಬಿಡ್ರಿ ಅಕ್ಕೋರ" ಅಂದೆ. "ಅದಕ್ಕ ದಾರ ಕಟ್ಟಾಕ ಬರಂಗಿಲ್ಲ."

ಅಷ್ಟರಾಗ ಮುಂದ ಕುಂತ ಹುಡುಗ ಸೀನಿದ, ಹಿಂದಾಗಡೆ ಇಡೀ ಸಾಲು ಸೀನಿತು, ಅಕ್ಕೋರೂ ಸೀನಿದ್ರು. ಎಲ್ಲಾ ನನ್ನ ಸೀರಿ ಮ್ಯಾಲಿನ ತಂಬಾಕು. ಹುಡುಗಿ ಹೊಳ್ಳಿ ನನ್ನ ನೋಡಿದ್ಲು, ಆಮ್ಯಾಲೆ ಸರಸರ ಬರದ್ಲು. ಅಕ್ಕೋರು ಮೂಗು ಒರಸಿಕೋತ ಕನ್ನಡದಾಗ ಓದಿದ್ರು:

"ನಮ್ಮವ್ವ ಇದ್ದಿದ್ರ, ಆಯಿ ಸೆರಗು ಝಾಡಿಸಿ ಸಾಲಿಗೆ ಕಳಸತಿದ್ಲು."

ವರ್ಗಕ್ಕ ವರ್ಗ ನಕ್ಕಿತು, ಹುಡುಗಿನೂ ನಕ್ಕಳು. ನಾ ಹೊರಗ ಬಂದು ಸೆರಗು ಝಾಡಿಸಿದೆ, ಮಗಳು ನಿಂತು ನೋಡಾಕತ್ತಾಳೇನೋ ಅನ್ನೂವಂಗ. ಬಾಗಲಾಗ ನಿಂತ ಸಾಲಿ ಸಿಪಾಯಿ ಸೀನಿದ.